ವಿಸ್ಟೀರಿಯಾ ಬಳ್ಳಿಯೂ ಮನೆಯ ಗೋಡೆಯೂ

ಮೇ ತಿಂಗಳಲ್ಲಿ ಇಂಗ್ಲೆಂಡಿನ ಹಳೆಯ ಮನೆಗಳ ಗೋಡೆಯ ಮೇಲೆ ನಸುನೇರಿಳೆ ಬಣ್ಣದ ಹೂಗೊಂಚಲುಗಳು ಜೋಲಾಡುವುದನ್ನು ಕಂಡವರಿಗೆ, ಆ ಬಳ್ಳಿಯು ಅನಾದಿಯಿಂದಲೂ ಆ ನಾಡಿನದೇ ಎಂದು ತೋರುವುದು ಸಹಜ. ವಸ್ತುತಃ ವಿಸ್ಟೀರಿಯಾ ಎಂಬ ಆ ಬಳ್ಳಿಯು ಚೀನದೇಶದ್ದು. ಜಾತಿಯಲ್ಲಿ ಅವರೆ, ಅಲಸಂದೆಗಳ ಬಳಗಕ್ಕೆ ಸೇರಿದುದು. ಅದು ಇಂಗ್ಲೆಂಡನ್ನು ಮುಟ್ಟಿದ್ದು 1816ರಲ್ಲಿ. ಬಂದ ಹೊಸತರಲ್ಲಿ ಅದು ಸಾಯದೆ ಉಳಿದದ್ದೇ ಒಂದು ಭಾಗ್ಯವೆನ್ನಬೇಕು.

ಆ ಕಾಲದಲ್ಲಿ ಪರದೇಶದ ವರ್ತಕರು ಕ್ಯಾಂಟನ್ ಪಟ್ಟಣವನ್ನು ದಾಟಿ ಚೀನದ ಒಳನಾಡಿಗೆ ಕಾಲಿಡುವಂತಿರಲಿಲ್ಲ. ಆದುದರಿಂದ ಅವರಿಗೆ ದೊರೆತ ಗಿಡಗಳೆಲ್ಲವೂ ಅಲ್ಲಿಯ ಸಿರಿವಂತರ ತೋಟಗಳಿಂದಲೂ ಸಸಿ ಮಾರುವವರಿಂದಲೂ ಬಂದುವೇ ಹೊರತು ಕಾಡಿನಿಂದ ಬಂದುವಲ್ಲ. ಕಾನ್ಸೀಕ್ವಾ ಎಂಬ ವರ್ತಕನ ತೋಟದಲ್ಲಿ ಈ ಬಳ್ಳಿಯಿತ್ತು. ಅಮೆರಿಕದ ವ್ಯಾಪಾರಿಗಳು ತನಗೆ ಬಾಕಿ ತೀರಿಸಲಿಲ್ಲವೆಂದು 1814ರಲ್ಲಿ ಅಲ್ಲಿಯ ಅಧ್ಯಕ್ಷ ಮ್ಯಾಡಿಸನ್ನನಿಗೇ ಅರ್ಜಿ ಬರೆಸಿದವನು ಈತನೇ. ಈಸ್ಟ್ ಇಂಡಿಯಾ ಕಂಪೆನಿಯ ಪರವಾಗಿ ಕ್ಯಾಂಟನ್ನಿನಲ್ಲಿ ಚಹಾ ಪರೀಕ್ಷಕನಾಗಿದ್ದ ಜಾನ್ ರೀವ್ಸನ ಪ್ರಯತ್ನದಿಂದ, ವೆಲ್‌ಬ್ಯಾಂಕ್, ರಾಸ್ ಎಂಬ ಇಬ್ಬರು ಕಪ್ತಾನರು ಒಂದೊಂದು ಸಸಿಯನ್ನು ತಮ್ಮ ತಮ್ಮ ಹಡಗುಗಳಲ್ಲಿ ಒಯ್ದರು. ಎರಡನೆಯ ಹಡಗಿನ ಹೆಸರು ‘ವಾರನ್ ಹೇಸ್ಟಿಂಗ್ಸ್’. ಚರಿತ್ರೆಯನ್ನು ಓದಿದವರಿಗೆ ಅದು ಅಪರಿಚಿತವಲ್ಲ. ಆ ಹೆಸರು ಹೊತ್ತು ಬಂದ ಸಾಮಗ್ರಿಗಳಲ್ಲಿ ಯಾರ ಕಣ್ಣೀರಿಗೂ ಕಾರಣವಾಗದುದು ಬಹುಶಃ ಇದೊಂದೇ.

ವೆಲ್‌ಬ್ಯಾಂಕನು ತಂದ ಸಸಿಯು ಸರ್ರೆ ಪ್ರಾಂತದ ರೂಕ್ಸ್‌ನೆಸ್ಟಿನಲ್ಲಿದ್ದ ಟರ್ನರ್ ಎಂಬ ಗೃಹಸ್ಥನ ಪಾಲಿಗೆ ಬಂದಿತು. ಉಷ್ಣದೇಶದಿಂದ ಬಂದ ಗಿಡಕ್ಕೆ ಚಳಿ ತಾಕಬಾರದೆಂದು ಅಲ್ಲಿಯವರು ಅದನ್ನು ಕಾವು ಹೆಚ್ಚಿದ ಗಾಜಿನ ಮನೆಯಲ್ಲಿ ಬೆಳೆಸತೊಡಗಿದರು. ಎಲೆಗಳಿಗೆ ಕೆಂಪು ನುಸಿ ಹತ್ತಿತು. ಬಳ್ಳಿಯು ಸೊರಗಿ ಸಾಯುವ ಸ್ಥಿತಿಗೆ ಬಂದಿತು. ಆಮೇಲೆ ಅದನ್ನು ತಂಪಾದ ಮನೆಗೂ, ಅಲ್ಲಿಂದ ಮಂಜು ಹೆಪ್ಪುಗಟ್ಟುವಷ್ಟು ಚಳಿಯ ಸ್ಥಳಕ್ಕೂ ಬದಲಾಯಿಸಿದರು. ಮಗುವಿಗೆ ಕಂಬಳಿಯ ಮೇಲೆ ಕಂಬಳಿ ಹೊದಿಸಿ ಉಸಿರುಗಟ್ಟಿಸಿದಂತೆ ಆಗಿದ್ದುದು ಆಗ ತಿಳಿಯಿತು. ಕ್ಯಾಂಟನ್ನಿನ ಸೆಖೆಯನ್ನು ಕೇಳಿದ್ದವರಿಗೆ, ಉತ್ತರದ ಚಳಿಯನ್ನೂ ತಡೆಯಬಲ್ಲ ಬಳ್ಳಿಯಿದೆಂಬುದು ಹೊಳೆದಿರಲಿಲ್ಲ. 1819ರಲ್ಲಿ ಇಂಗ್ಲೆಂಡಿನ ಜನರು ಇದರ ಹೂವನ್ನು ಮೊದಲು ಕಂಡರು.

ಇದರ ಹೆಸರಿನ ಕಥೆ ಸಣ್ಣದು. ಅಮೆರಿಕದಲ್ಲಿ ಬೆಳೆಯುವ ಇದರ ಸೋದರ ಜಾತಿಯನ್ನು ವಿವರಿಸುವಾಗ ಥಾಮಸ್ ನಟಾಲನು 1818ರಲ್ಲಿ ಫಿಲಡೆಲ್ಫಿಯದ ವೈದ್ಯಪಂಡಿತ ಕ್ಯಾಸ್ಪರ್ ವಿಸ್ಟರನ ನೆನಪಿಗಾಗಿ ಆ ಹೆಸರನ್ನಿಟ್ಟನು. ಅದರ ಕಾಗುಣಿತದ ಜಗಳವು ಸಸ್ಯಶಾಸ್ತ್ರಜ್ಞರಲ್ಲಿ ಬಹುಕಾಲ ನಡೆಯಿತು.

ಗಾಜಿನ ಮನೆಯಿಂದ ಹೊರಬಿದ್ದ ಬಳ್ಳಿಗೆ ಬಿಸಿಲು ಬೀಳುವ ಗೋಡೆಯೇ ತಕ್ಕ ಆಶ್ರಯವಾಯಿತು. ಚಿಜಿಕ್ಕಿನಲ್ಲಿದ್ದ ತೋಟಗಾರಿಕೆಯ ಸಂಘದ ಉದ್ಯಾನದಲ್ಲಿ ಗೋಡೆಗೆ ಹಬ್ಬಿಸಿದ ಒಂದು ಬಳ್ಳಿಯು 1840ರ ಸುಮಾರಿಗೆ 180 ಅಡಿ ಹರಡಿ, 9,000 ಗೊಂಚಲುಗಳನ್ನು, ಅಂದರೆ ಅಂದಾಜು 6,75,000 ಬಿಡಿಹೂಗಳನ್ನು ಬಿಟ್ಟಿತ್ತು.

ಆದರೆ ಗೋಡೆಯ ಆಶ್ರಯವೂ ಸುಲಭವಾದುದಲ್ಲ. ಗೋಡೆಯ ಬುಡದ ಮಣ್ಣಿಗೆ ಮಳೆ ತಾಕುವುದು ಕಡಿಮೆ. ಸುಣ್ಣಗಾರೆಯ ಚೂರುಗಳೂ ಅಲ್ಲಿಯೇ ಹೂತಿರುವುವು. ಆದುದರಿಂದ ಅನುಭವಿಗಳು ಸಸಿಯನ್ನು ಗೋಡೆಯಿಂದ ಒಂದೂವರೆ ಅಡಿ ದೂರದಲ್ಲಿ ನೆಟ್ಟು ಗೋಡೆಯ ಕಡೆಗೆ ಬಾಗಿಸುವರು. ಮೊದಲ ಒಂದೆರಡು ಬೇಸಿಗೆ ನೀರನ್ನು ತಪ್ಪಿಸುವುದಿಲ್ಲ. ಗೋಡೆಗೆ ತಾನೇ ಅಂಟಿಕೊಳ್ಳುವ ಬೇರುಗಳಾಗಲಿ ಹಿಡಿದುಕೊಳ್ಳುವ ಕುಡಿಬಳ್ಳಿಗಳಾಗಲಿ ಇದಕ್ಕಿಲ್ಲ, ಸುತ್ತಿಕೊಂಡೇ ಏರತಕ್ಕದ್ದು. ಅದಕ್ಕಾಗಿ ಗೋಡೆಗೆ ತಾಗದಂತೆ ಅಡ್ಡಡ್ಡವಾಗಿ ಗಟ್ಟಿಯಾದ ತಂತಿಗಳನ್ನು ಬಿಗಿಯಬೇಕು. ಗೊಬ್ಬರದ ವಿಷಯದಲ್ಲಿ ರೂಕ್ಸ್‌ನೆಸ್ಟಿನ ತಪ್ಪು ಇಂದಿಗೂ ಬೇರೆ ರೂಪದಲ್ಲಿ ನಡೆಯುತ್ತಿರುವುದು. ಅವರೆಯ ಬಳಗದ ಈ ಬಳ್ಳಿಯು ಬೇರಿನ ಗಂಟುಗಳ ಮೂಲಕ ಗಾಳಿಯ ಸಾರಜನಕವನ್ನು ತಾನೇ ಪಡೆಯುವುದು. ಅದರ ಮೇಲೆ ಸಾರಜನಕದ ಗೊಬ್ಬರವನ್ನು ಸುರಿದರೆ ಎಲೆಯ ಪೊದೆ ಬೆಳೆಯುವುದೇ ಹೊರತು ಹೂ ಬಾರದು. ಬೀಜದಿಂದ ಹುಟ್ಟಿದ ಬಳ್ಳಿಯು ಹೂ ಬಿಡಲು ಹತ್ತು ವರ್ಷ, ಕೆಲವೆಡೆ ಇಪ್ಪತ್ತು ವರ್ಷವೂ ಹಿಡಿಯುವುದುಂಟು. ಆದುದರಿಂದ ಹೂಬಿಟ್ಟ ಬಳ್ಳಿಯ ಕಡ್ಡಿಯನ್ನು ಕಸಿಮಾಡಿದ ಸಸಿಯನ್ನೇ ಬಲ್ಲವರು ಕೊಳ್ಳುವರು. ಬೇಸಿಗೆಯ ಕೊನೆಯಲ್ಲಿ ಹೊಸ ಚಿಗುರುಗಳನ್ನು ಐದಾರು ಎಲೆಗಳಿಗೂ, ಚಳಿಗಾಲದಲ್ಲಿ ಅವನ್ನೇ ಎರಡು ಮೂರು ಮೊಗ್ಗುಗಳಿಗೂ ಮೊಟಕುಗೊಳಿಸುವ ಪದ್ಧತಿಯು ಇಂಗ್ಲೆಂಡಿನಲ್ಲಿ ಬಳಕೆಯಲ್ಲಿದೆ.

ಈ ಕತ್ತರಿಯ ಕೆಲಸವನ್ನು ಬಿಟ್ಟರೆ ಏನಾಗುವುದೆಂಬುದಕ್ಕೆ ಸಾಕ್ಷಿಯು ಇಂಗ್ಲೆಂಡಿನಲ್ಲಿಲ್ಲ, ಕ್ಯಾಲಿಫೋರ್ನಿಯದಲ್ಲಿದೆ. ಅಲ್ಲಿಯ ಸಿಯೆರಾ ಮಾದ್ರೆ ಎಂಬ ಊರಿನಲ್ಲಿ ಬ್ರಗ್‌ಮನ್ ದಂಪತಿಗಳು 1894ರಲ್ಲಿ 75 ಸೆಂಟು ಕೊಟ್ಟು ಡಬ್ಬಿಯಲ್ಲಿದ್ದ ಒಂದು ಚೀನೀ ವಿಸ್ಟೀರಿಯಾ ಸಸಿಯನ್ನು ತಂದು ತಮ್ಮ ಮನೆಯ ಪಕ್ಕದಲ್ಲಿ ನೆಟ್ಟರು. ಮನೆಯ ಒಡೆತನವು ಕೈ ಬದಲಾಯಿತು; 1913ರಲ್ಲಿ ಕೊಂಡವರು ಬಳ್ಳಿಯ ಸೊಬಗಿಗೆ ಮನಸೋತು ಅದನ್ನು ಇಷ್ಟಬಂದಂತೆ ಹಬ್ಬಲು ಬಿಟ್ಟರು. ಬಳ್ಳಿಯ ಕಾಂಡವು ಮರದಂತೆ ದಪ್ಪವಾಗಿ ಮಾಡನ್ನೂ ಗೋಡೆಗಳನ್ನೂ ಹಿಂಡಿತು. ಕಡೆಗೆ 1931ರಲ್ಲಿ ಮನೆಯನ್ನೇ ಕೆಡವಬೇಕಾಯಿತು. ಬಳ್ಳಿಯನ್ನು ಯಾರೂ ಕಡಿಯಲಿಲ್ಲ. ಒಂದು ಎಕರೆಯಷ್ಟು ನೆಲವನ್ನು ಆವರಿಸಿ, ಗೋಡೆಯಿಲ್ಲದೆ ಚಪ್ಪರಗಳ ಮೇಲೆಯೇ ನಿಂತು, ಅದು ಇಂದಿಗೂ ಪ್ರತಿ ವಸಂತದಲ್ಲಿ ಹೂ ಬಿಡುತ್ತಿದೆ.