ಮಗ್ಗದ ಬೆಳಕು

ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ಕೇರಿಯಲ್ಲಿ ಜೀರ್ಣೋದ್ಧಾರವಾದ ಹಳೆಯ ಮನೆ ಮಾರಾಟಕ್ಕೆ ಬಂದರೆ, ಅಟ್ಟದ ಅಗಲ ಕಿಟಕಿಯೇ ಅದರ ಹೆಚ್ಚುಗಾರಿಕೆ. ಆದರೆ ಆ ಕಿಟಕಿ ಅಂದಕ್ಕೆ ಇಟ್ಟದ್ದಲ್ಲ, ಮಗ್ಗಕ್ಕೆ.

1685ರಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ ಪ್ರಾಟೆಸ್ಟೆಂಟರ ಧರ್ಮಸ್ವಾತಂತ್ರ್ಯವನ್ನು ಕಿತ್ತುಕೊಂಡಾಗ ಓಡಿಬಂದ ಹ್ಯೂಗನಾಟರಲ್ಲಿ ಅನೇಕರು ಇಲ್ಲಿ ರೇಷ್ಮೆ ನೆಯ್ದರು. 1720ರ ದಶಕದಲ್ಲಿ ಫೂರ್ನಿಯರ್ ಬೀದಿಯ ಮನೆಗಳೆದ್ದವು. ಹಲವು ಮನೆಗಳಲ್ಲಿ ಕೆಳಗೆ ವರ್ತಕನ ವೈಭವ, ಮೇಲೆ ಲಾಳಿಯ ಸದ್ದು. 1860ರ ಒಪ್ಪಂದ ಫ್ರೆಂಚ್ ರೇಷ್ಮೆಯ ಸುಂಕವನ್ನು ತೆಗೆಯಿತು. ಮೊದಲೇ ಸೊರಗಿದ್ದ ಕಸುಬು ನೆಲಕಚ್ಚಿತು.

ಆಮೇಲೆ ಯೆಹೂದಿ ದರ್ಜಿಗಳು, ಅವರ ಹಿಂದೆ ಬಂಗಾಳಿಗಳು. ಮೂಲೆಯಲ್ಲಿರುವ 1743ರ ಹ್ಯೂಗನಾಟರ ಪ್ರಾರ್ಥನಾಮಂದಿರವೇ ಸಿನಗಾಗ್ ಆಗಿ, 1976ರಲ್ಲಿ ಮಸೀದಿಯಾಯಿತು!

1977ರಲ್ಲಿ ಹುಟ್ಟಿದ ಸ್ಪಿಟಲ್‌ಫೀಲ್ಡ್ಸ್ ಟ್ರಸ್ಟಿನವರು, ಸಮೀಪದ ಎಲ್ಡರ್ ಬೀದಿಯಲ್ಲಿ ಕೆಡವಲಿದ್ದ ಮನೆಗಳೊಳಗೆ ತಾವೇ ಬೀಡುಬಿಟ್ಟು ಅವನ್ನು ಉಳಿಸಿದರು. ಇಂದು ಅಂಥ ಮನೆಗೆ ಹತ್ತಾರು ಲಕ್ಷ ಪೌಂಡು. ನೇಕಾರನಿರಲಿ, ದರ್ಜಿಯೂ ಅದರ ಹೊಸಿಲು ಮುಟ್ಟಲಾರ.