ಮೇಫ್ಲವರ್ ಹಡಗಿನ ವಂಶ: ಅಮೆರಿಕದ ಮೊದಲ ಇಂಗ್ಲಿಷ್ ಕುಟುಂಬಗಳ ಮೂಲ ಹುಡುಕೋದು ಹೇಗೆ?

ಪೌತಿ ಖಾತೆ ಮಾಡಿಸಲು ನಾಡಕಚೇರಿಗೆ ಅಲೆದವರಿಗೆ ವಂಶವೃಕ್ಷದ ಕಷ್ಟ ಗೊತ್ತೇ ಇರುತ್ತದೆ. ಅಜ್ಜ, ಮುತ್ತಜ್ಜನ ಹೆಸರು, ದಾಖಲೆ ಹೊಂದಿಸುವಷ್ಟರಲ್ಲೇ ಸಾಕಾಗಿ ಹೋಗುತ್ತದೆ. ಅಮೆರಿಕದಲ್ಲಿ ಲಕ್ಷಾಂತರ ಜನ ಇದೇ ಕೆಲಸವನ್ನು ಹತ್ತು–ಹನ್ನೆರಡು ತಲೆಮಾರು ಹಿಂದಕ್ಕೆ, ಸುಮಾರು 400 ವರ್ಷದವರೆಗೆ ಮಾಡುತ್ತಾರೆ. ಆಸ್ತಿಗಾಗಿ ಅಲ್ಲ, ತಮ್ಮ ಮೂಲ ಯಾವುದು ಅಂತ ತಿಳಿಯೋದಕ್ಕೆ. ಅಲ್ಲಿನ ನಿಯಮವೂ ಒಂದೇ: ಮನೆಯವರ ಮಾತು ಸಾಲದು, ಕಾಗದ ಬೇಕು.

ಮೊದಲು ಹೋದವರು ಯಾರು?

ಅಮೆರಿಕದಲ್ಲಿ ಇಂಗ್ಲಿಷರ ಮೊದಲ ಕಾಯಂ ನೆಲೆ ವರ್ಜೀನಿಯಾದ ಜೇಮ್ಸ್‌ಟೌನ್. ವರ್ಷ 1607. ನಂತರ 1620ರಲ್ಲಿ ಮೇಫ್ಲವರ್ ಎಂಬ ಹಡಗು 102 ಪ್ರಯಾಣಿಕರೊಂದಿಗೆ ಇಂಗ್ಲೆಂಡಿನಿಂದ ಹೊರಟಿತು. ಇವರು ವಾಂಪನೋಗ್ ಮೂಲನಿವಾಸಿಗಳ ನೆಲದಲ್ಲಿ ಪ್ಲಿಮತ್ ಎಂಬ ಊರು ಕಟ್ಟಿದರು. ಮೊದಲ ಚಳಿಗಾಲದಲ್ಲೇ ಸುಮಾರು ಅರ್ಧದಷ್ಟು ಜನ ಕಾಯಿಲೆ ಬಿದ್ದು ಸತ್ತರು. 1640ರ ಹೊತ್ತಿಗೆ ಆ ಭಾಗಕ್ಕೆ ಸುಮಾರು 20 ಸಾವಿರ ಇಂಗ್ಲಿಷರು ಬಂದಿದ್ದರು.

ಕಲ್ಲಿನ ಮೇಲಿದ್ದದ್ದೂ ತಪ್ಪಾಗಿತ್ತು

ಮೇಫ್ಲವರ್‌ನಲ್ಲಿ ಜಾನ್ ಹೌಲ್ಯಾಂಡ್ ಎಂಬ ಯುವಕನಿದ್ದ. ವಸಾಹತಿನ ಮೊದಲ ಗವರ್ನರ್ ಜಾನ್ ಕಾರ್ವರ್ ಅವರ ಮನೆಯ ಆಳು. ಬಿರುಗಾಳಿಗೆ ಸಿಕ್ಕಿ ಸಮುದ್ರಕ್ಕೆ ಬಿದ್ದವನು ಹಡಗಿನ ಹಗ್ಗ ಹಿಡಿದು ಬದುಕಿಕೊಂಡ. ಅದೇ ಹಡಗಲ್ಲಿ ಬಂದಿದ್ದ ಎಲಿಜಬೆತ್‌ಳನ್ನು ಮದುವೆಯಾಗಿ 10 ಮಕ್ಕಳನ್ನು ಪಡೆದ. ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್, ಇಬ್ಬರು ಬುಷ್‌ಗಳು, ನಟ ಹಂಫ್ರಿ ಬೊಗಾರ್ಟ್ ಎಲ್ಲರೂ ಇದೇ ದಂಪತಿಯ ಸಂತತಿ. ಅವತ್ತು ಆ ಹಗ್ಗ ಕೈತಪ್ಪಿದ್ದರೆ ಈ ಪೈಕಿ ಒಬ್ಬರೂ ಹುಟ್ಟುತ್ತಿರಲಿಲ್ಲ.

ಆದರೆ ಎಲಿಜಬೆತ್ ಯಾರ ಮಗಳು? ಆಕೆ ಗವರ್ನರ್ ಕಾರ್ವರ್ ಮನೆತನದ ಹೆಣ್ಣುಮಗಳು ಅಂತ ವಂಶಸ್ಥರು ಬಹಳ ಕಾಲ ನಂಬಿದ್ದರು. 19ನೇ ಶತಮಾನದಲ್ಲಿ ಹಾಕಿಸಿದ ಸ್ಮಾರಕ ಕಲ್ಲಿನಲ್ಲೂ ಹಾಗೇ ಕೆತ್ತಿಸಿದ್ದರು.

ಸತ್ಯ ಇದ್ದದ್ದು ಒಂದು ಕೈಬರಹದಲ್ಲಿ. ಪ್ಲಿಮತ್‌ನ ಇನ್ನೊಬ್ಬ ಗವರ್ನರ್ ವಿಲಿಯಂ ಬ್ರಾಡ್‌ಫೋರ್ಡ್ ಬರೆದಿಟ್ಟಿದ್ದ ಚರಿತ್ರೆ ಅದು. ಕೊನೆಗೆ ಪ್ರಯಾಣಿಕರ ಪಟ್ಟಿಯೂ ಇತ್ತು. ಕಳೆದೇ ಹೋಯಿತು ಅಂದುಕೊಂಡಿದ್ದ ಈ ಪ್ರತಿ 1855ರಲ್ಲಿ ಲಂಡನ್ ಬಿಷಪ್ ಅವರ ಗ್ರಂಥಾಲಯದಲ್ಲಿ ಇರುವುದು ಗೊತ್ತಾಯಿತು. ಅದರ ಪ್ರಕಾರ ಎಲಿಜಬೆತ್ ಗವರ್ನರ್ ಮನೆಯವಳಲ್ಲ. ಮೊದಲ ಚಳಿಗಾಲದಲ್ಲೇ ತೀರಿಕೊಂಡ ಜಾನ್ ಟಿಲ್ಲಿ ದಂಪತಿಯ ಮಗಳು. ನಂತರ ಇಂಗ್ಲೆಂಡಿನ ಬೆಡ್‌ಫರ್ಡ್‌ಶೈರ್‌ನ ಹೆನ್ಲೋ ಊರಿನ ಚರ್ಚ್ ಪುಸ್ತಕದಲ್ಲಿ, 1607ರ ಆಗಸ್ಟ್ 30ರಂದು ಆಕೆಗೆ ದೀಕ್ಷಾಸ್ನಾನ ಮಾಡಿಸಿದ ದಾಖಲೆಯೂ ಸಿಕ್ಕಿತು. ದೊಡ್ಡವರ ಮನೆತನ ಅಂತ ನಂಬಿದ್ದು ಹೋಯಿತು, ಅನಾಥ ಹುಡುಗಿಯ ನಿಜವಾದ ಅಪ್ಪ–ಅಮ್ಮ ಸಿಕ್ಕರು.

ಹುಡುಕುವ ಕ್ರಮ ಹೀಗಿದೆ

* ಹಡಗಿನಿಂದ ಶುರು ಮಾಡಬಾರದು. ತನ್ನಿಂದ ಶುರು ಮಾಡಿ ಅಪ್ಪ, ಅಜ್ಜ ಅಂತ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಹೋಗಬೇಕು. ಪ್ರತಿ ಮೆಟ್ಟಿಲಿಗೂ ಜನನ, ಮದುವೆ, ಮರಣದ ಪುರಾವೆ ಹುಡುಕಬೇಕು.

* ಅಮೆರಿಕದ ಜನಗಣತಿ 1790ರಿಂದ ಪ್ರತಿ 10 ವರ್ಷಕ್ಕೊಮ್ಮೆ ನಡೆದಿದೆ. 1840ರವರೆಗೆ ಮನೆ ಯಜಮಾನನ ಹೆಸರು ಮಾತ್ರ ಇರುತ್ತದೆ. 1850ರಿಂದ ಸ್ವತಂತ್ರರಾಗಿದ್ದ ಎಲ್ಲರ ಹೆಸರೂ ಸಿಗುತ್ತದೆ. 1890ರ ಪಟ್ಟಿಯ ಬಹುಪಾಲು 1921ರ ಬೆಂಕಿ ಅನಾಹುತದ ನಂತರ ಉಳಿಯಲಿಲ್ಲ.

* ಅದಕ್ಕೂ ಹಿಂದೆ ಹೋದರೆ ಉಯಿಲು, ಜಮೀನು ಪತ್ರ, ಚರ್ಚ್ ಪುಸ್ತಕ, ಕೋರ್ಟ್ ದಾಖಲೆಗಳೇ ಆಧಾರ. ಉಯಿಲು ಚಿನ್ನ ಇದ್ದಂತೆ. ಹೌಲ್ಯಾಂಡ್ 1672ರಲ್ಲಿ ಬರೆಸಿದ ಉಯಿಲಿನಲ್ಲಿ ಹೆಣ್ಣುಮಕ್ಕಳ ಹೆಸರಿನ ಜೊತೆ ಗಂಡನ ಮನೆ ಹೆಸರೂ ಇದೆ: ಡಿಸೈರ್ ಗೋರಮ್, ಹೋಪ್ ಚಿಪ್‌ಮನ್ ಹೀಗೆ. ಮದುವೆಯಾಗಿ ಹೆಸರು ಬದಲಾದ ಹೆಣ್ಣುಮಕ್ಕಳ ಜಾಡು ಸಿಗೋದು ಇಂಥ ಕಡೆಯೇ.

* ಮೊದಲ ತಲೆಮಾರುಗಳ ಮೇಲೆ ಸಂಶೋಧಕರು ಆಗಲೇ ಕೆಲಸ ಮಾಡಿಟ್ಟಿದ್ದಾರೆ. 1897ರಲ್ಲಿ ಶುರುವಾದ ಮೇಫ್ಲವರ್ ವಂಶಸ್ಥರ ಸಂಘ ಮೊದಲ ಐದು ತಲೆಮಾರುಗಳ ಪುಸ್ತಕಗಳನ್ನು ತಂದಿದೆ. ಬಾಸ್ಟನ್‌ನಲ್ಲಿ 1845ರಿಂದ ವಂಶಾವಳಿ ಸಂಸ್ಥೆಯೊಂದಿದೆ. 1620ರಿಂದ 1640ರೊಳಗೆ ಬಂದವರ ಬಗ್ಗೆ 1988ರಿಂದ ದೊಡ್ಡ ಅಧ್ಯಯನ ನಡೆಸಿದ್ದು ಇದೇ ಸಂಸ್ಥೆ.

* ಕೊನೆಯದು ಸಮುದ್ರ ದಾಟುವ ಕೆಲಸ. ಇಂಗ್ಲೆಂಡಿನ ಚರ್ಚ್‌ಗಳು ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರದ ಲೆಕ್ಕ ಇಡಬೇಕು ಅಂತ ಆದೇಶವಾಗಿದ್ದು 1538ರಲ್ಲಿ. ಅದಕ್ಕೂ ಹಿಂದೆ ಸಾಮಾನ್ಯ ಜನರ ಜಾಡು ಸಿಗೋದು ತೀರಾ ಕಷ್ಟ.

ಎಡವುವ ಜಾಗಗಳು

ದಿನಾಂಕ: 1752ರವರೆಗೆ ಇಂಗ್ಲಿಷರ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹೌಲ್ಯಾಂಡ್ ಸತ್ತದ್ದು 1672/73ರ ಫೆಬ್ರವರಿ 23 ಅಂತ ಬರೆಯುತ್ತಾರೆ. ಅವರ ಲೆಕ್ಕಕ್ಕೆ 1672, ನಮ್ಮ ಲೆಕ್ಕಕ್ಕೆ 1673. ಇದು ಗೊತ್ತಿಲ್ಲಾಂದ್ರೆ ಅಪ್ಪ ಸತ್ತ ಮೇಲೆ ಉಯಿಲು ಬರೆದ ಹಾಗೆ ಕಾಣಬಹುದು!

ಸಂಬಂಧ: ಆಗಿನ ಪತ್ರಗಳಲ್ಲಿ 'ಸನ್ ಇನ್ ಲಾ' ಅಂದರೆ ಅಳಿಯ ಮಾತ್ರ ಅಲ್ಲ, ಹೆಂಡತಿಯ ಮೊದಲ ಗಂಡನ ಮಗನೂ ಆಗಬಹುದು. ಸೀನಿಯರ್, ಜೂನಿಯರ್ ಅಂತಿದ್ದರೆ ಅಪ್ಪ–ಮಗ ಅಂತ ತೀರ್ಮಾನಿಸಬಾರದು. ಒಂದೇ ಊರಿನ ಒಂದೇ ಹೆಸರಿನ ಇಬ್ಬರನ್ನೂ ಹಾಗೆ ಕರೆಯುತ್ತಿದ್ದರು.

ಸುಳ್ಳು ವಂಶಾವಳಿ: 20ನೇ ಶತಮಾನದ ಆರಂಭದಲ್ಲಿ ಗುಸ್ಟಾವ್ ಅಂಜೂ ಎಂಬಾತ ಶ್ರೀಮಂತರಿಂದ ದುಡ್ಡು ಪಡೆದು ಬೇಕಾದ ಪೂರ್ವಜರನ್ನು ಸೃಷ್ಟಿಸಿ ಕೊಡುತ್ತಿದ್ದ. ಆತನ ಸುಳ್ಳುಗಳು ಪುಸ್ತಕದಿಂದ ಪುಸ್ತಕಕ್ಕೆ ನಕಲಾಗಿವೆ. ಇಂಟರ್ನೆಟ್‌ನಲ್ಲಿ ಸಿಗುವ ರೆಡಿಮೇಡ್ ವಂಶವೃಕ್ಷವನ್ನೂ ಸುಳಿವು ಅಂತ ನೋಡಬೇಕೇ ಹೊರತು ಪುರಾವೆ ಅಂತಲ್ಲ.

ಹೆಸರೇ ಬರೆಯದವರು

ಈ ಕಾಗದ ಎಲ್ಲರಿಗೂ ಒಂದೇ ರೀತಿ ಸಿಗುವುದಿಲ್ಲ. 1624–25ರ ವರ್ಜೀನಿಯಾ ಪಟ್ಟಿಯಲ್ಲಿ ಅನೇಕ ಇಂಗ್ಲಿಷರ ವಯಸ್ಸು, ಬಂದ ಹಡಗು ಎಲ್ಲ ಇದೆ. ಅದರಲ್ಲೇ ಏಂಜೆಲಾ ಎಂಬ ಆಫ್ರಿಕಾದ ಹೆಂಗಸಿಗೆ ಒಂದೇ ಒಂದು ಹೆಸರು, ಮನೆತನದ ಹೆಸರಿಲ್ಲ. ವರ್ಜೀನಿಯಾದ 1635ರ ಜಮೀನು ದಾಖಲೆಯೊಂದರಲ್ಲಿ ಟೋನಿ ಎಂಬ ಕೆಲಸಗಾರನ ಹೆಸರಿದೆ, ಪಕ್ಕದಲ್ಲಿ 'ಈಸ್ಟ್ ಇಂಡಿಯನ್' ಅಂತಿದೆ. ನಮ್ಮ ಕಡೆಯ ಸಮುದ್ರದಿಂದ ಅಷ್ಟು ಬೇಗ ಅಲ್ಲಿಗೆ ಸೇರಿದ ಆತನ ಊರು, ಅಪ್ಪ–ಅಮ್ಮ ಯಾರೂ ಆ ಸಾಲಿನಲ್ಲಿಲ್ಲ.

1850, 1860ರ ಗುಲಾಮರ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಇರುವುದು ಮಾಲೀಕನ ಹೆಸರು ಮಾತ್ರ. ಗುಲಾಮರದ್ದು ವಯಸ್ಸು, ಲಿಂಗ, ಬಣ್ಣ ಅಷ್ಟೇ. ಬಿಡುಗಡೆಯಾದ ಬಹುತೇಕರ ಹೆಸರು ಜನಗಣತಿಗೆ ಮೊದಲ ಬಾರಿ ಬಂದದ್ದು 1870ರಲ್ಲಿ. ಹಾಗಾಗಿ ಅವರ ಮೊಮ್ಮಕ್ಕಳು ಇವತ್ತು ತಮ್ಮ ಹಿರಿಯರನ್ನು ಹುಡುಕೋದು ಮಾಲೀಕರ ಉಯಿಲು ಮತ್ತು ಆಸ್ತಿ ಪಟ್ಟಿಯಲ್ಲಿ. ದನ, ಪಾತ್ರೆಗಳ ಸಾಲಿನ ಜೊತೆಗೇ ಅಲ್ಲಿ ಅವರ ಮುತ್ತಜ್ಜಿಯ ಹೆಸರು ಇರುತ್ತದೆ. ಇಂಗ್ಲಿಷ್ ವಲಸಿಗರ ಒಂದು ಹಳೇ ಉಯಿಲು ಸಿಕ್ಕರೆ, ಎಷ್ಟೋ ಸಲ ಎರಡು ಕುಟುಂಬಗಳ ಚರಿತ್ರೆ ಒಟ್ಟಿಗೇ ಸಿಗುತ್ತದೆ.