ನೆರೆಯವರ ದಫ್ತರದಲ್ಲಿ ವಿಜಾಪುರದ ವ್ಯಾಪಾರ

ಟಿಕೋಟಾ ತಾಲ್ಲೂಕಿನ ಬಿಜ್ಜರಗಿಯ ಸುತ್ತ ಇಂದು ದ್ರಾಕ್ಷಿ ಪಡ, ಮನೂಕ ಒಣಗಿಸುವ ಶೆಡ್ಡು. ಈ ಭಾಗದ ಮನೂಕ ವಿಜಯಪುರದ ಎಪಿಎಂಸಿಗೂ ಹೋಗುತ್ತದೆ, ಗಡಿ ದಾಟಿ ಮಹಾರಾಷ್ಟ್ರದ ತಾಸಗಾಂವ, ಸಾಂಗ್ಲಿ ಪೇಟೆಗಳಿಗೂ ಹೋಗುತ್ತದೆ. ಪಡುವಣ ದಿಕ್ಕಿನ ಪೇಟೆಯ ಜೊತೆಗಿನ ಈ ನಂಟು ಎಷ್ಟು ಹಳೆಯದು? ಈ ನೆಲ ಆದಿಲ್‌ಶಾಹಿ ರಾಜಧಾನಿಯ ಅಂಗಳವಾಗಿದ್ದಾಗ ಪಡುವಣದಲ್ಲಿ ನೆರೆಯಾಗಿದ್ದದ್ದು ಪೋರ್ಚುಗೀಸರ ಗೋವೆ. ಆ ಎರಡು ರಾಜ್ಯಗಳ ನಡುವೆ ಏನು ಬಂತು, ಏನು ಹೋಯಿತು, ಯಾರು ಕಟ್ಟೆಹಾಕಿದರು ಎಂಬುದನ್ನು ದಾಖಲೆಗಳಲ್ಲಿ ಹುಡುಕುವುದೇ ನನ್ನ ಕೆಲಸವಾಯಿತು.

ಮೊದಲು ತೆರೆದದ್ದು ವಿಜಾಪುರದವರೇ ಬರೆದ ಪುಸ್ತಕಗಳನ್ನು. ಫರಿಶ್ತಾ ತನ್ನ ಇತಿಹಾಸವನ್ನು ಬರೆದದ್ದು ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿ. ರಫಿಉದ್ದೀನ್ ಶಿರಾಜಿ ಶಿರಾಜ್‌ನಿಂದ ಸರಕು ಹೊತ್ತು ಬಂದ ವ್ಯಾಪಾರಿ; ಆಮೇಲೆ ದರಬಾರಿನ ಚಾಕರಿಗೆ ಸೇರಿ ಇತಿಹಾಸಕಾರನಾದವನು. ಇವರಲ್ಲಿ ಯುದ್ಧಗಳಿವೆ, ವಜೀರರ ಏಳುಬೀಳುಗಳಿವೆ. ಸುಂಕದ ಲೆಕ್ಕ ಬೇಕೆಂದವನ ಕೈಗೆ ಹತ್ತುವುದು ಕಡಿಮೆ. 1686ರಲ್ಲಿ ಔರಂಗಜೇಬನ ಸೇನೆ ನಗರವನ್ನು ಹಿಡಿಯಿತು. ಉಳಿದ ಅರಮನೆ ಗ್ರಂಥಗಳಲ್ಲಿ ಅಸಾರ್ ಮಹಲಿನ ಹಸ್ತಪ್ರತಿಗಳು 19ನೇ ಶತಮಾನದ ನಡುವಿನಲ್ಲಿ ಲಂಡನ್ನಿನ ಇಂಡಿಯಾ ಆಫೀಸಿಗೆ ಹೋದವು. ಈಗ ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ಅವುಗಳಲ್ಲಿ ಬಹುಪಾಲು ಶಾಸ್ತ್ರ, ಧರ್ಮ, ತರ್ಕದ ಗ್ರಂಥಗಳು.

ಹೀಗಾಗಿ ನೆರೆಯವರ ದಫ್ತರಕ್ಕೇ ಹೋಗಬೇಕಾಯಿತು. ಪಣಜಿಯ ಪತ್ರಾಗಾರದ ಮೂಲ 1595ರಷ್ಟು ಹಿಂದಿನದು. ಅದರ ಮೊದಲ ಪಾಲಕ ಚರಿತ್ರಕಾರ ದಿಯೋಗೊ ದೊ ಕೊಟೊ. ಲಿಸ್ಬನ್ನಿನೊಂದಿಗೆ ನಡೆದ ಪತ್ರವ್ಯವಹಾರ ಒಂದು ಸಾಲಿನಲ್ಲಿದೆ. ಮತ್ತೊಂದು ಸಾಲಿನ ಹೆಸರೇ 'ನೆರೆಯ ಅರಸರು', ಪೋರ್ಚುಗೀಸಿನಲ್ಲಿ 'ರೈಸ್ ವಿಝಿನ್ಯೊಸ್'. ಇಲ್ಲಿ ವಿಜಾಪುರದ ಹೆಸರು ಹುಡುಕಿದರೆ ಅರ್ಧ ಕಾಗದ ಕೈತಪ್ಪುತ್ತದೆ. ಅವರು ಬರೆಯುವುದು 'ಇದಲ್ಕಾಂವ್' ಎಂದು, ಅಂದರೆ ಆದಿಲ್ ಖಾನ. ಘಟ್ಟದ ಮೇಲಿನ ನಮ್ಮ ಸೀಮೆ ಅವರಿಗೆ 'ಬಾಲಾಘಾಟ'. ಈ ಕಡತಗಳ ನಡುವೆ ದಾರಿ ಮಾಡಿಕೊಟ್ಟವರು ಪಾಂಡುರಂಗ ಪಿಸುರ್ಲೇಕರ್. 1931ರಿಂದ ದಶಕಗಳ ಕಾಲ ಪತ್ರಾಗಾರವನ್ನು ನೋಡಿಕೊಂಡು, ಗೋವೆಯ ರಾಜ್ಯಸಭೆಯ ನಡಾವಳಿಗಳನ್ನು ಸಂಪುಟಗಳಾಗಿ ಅಚ್ಚು ಹಾಕಿಸಿದವರು ಅವರು. ಒಪ್ಪಂದಗಳ ಪಾಠ ಬೇಕಾದವರಿಗೆ ಜೂಲಿಯೊ ಬೈಕರ್ 1881ರಿಂದ ಪ್ರಕಟಿಸಿದ ಸಂಪುಟಗಳಿವೆ.

ನನ್ನ ಹುಡುಕಾಟಕ್ಕೆ ತಿರುವು ಕೊಟ್ಟ ಕಾಗದ 1547ರ ಸೆಪ್ಟೆಂಬರ್ 19ರದು. ಗೋವೆಯ ಗವರ್ನರ್ ಜೊಆಂವ್ ದ ಕಾಸ್ತ್ರೊ ಅಂದು ವಿಜಯನಗರದ ಸದಾಶಿವರಾಯನ ಜೊತೆ ಒಪ್ಪಂದ ಮಾಡಿಕೊಂಡ. ಗೋವೆಯಲ್ಲಿ ಇಳಿಯುವ ಅರಬ್ಬಿ, ಪಾರಸಿ ಕುದುರೆಗಳೆಲ್ಲ ವಿಜಯನಗರಕ್ಕೇ ಹೋಗಬೇಕು, ವಿಜಾಪುರಕ್ಕೆ ಒಂದೂ ಹೋಗಕೂಡದು. ವಿಜಯನಗರದ ವ್ಯಾಪಾರಿಗಳು ತಮ್ಮ ಬಟ್ಟೆ, ಪೆಟ್ಲುಪ್ಪು, ಕಬ್ಬಿಣವನ್ನು ಆದಿಲ್‌ಶಾಹನ ಕಡೆಗೆ ಒಯ್ಯದೆ, ಪೋರ್ಚುಗೀಸರ ಪ್ರತಿನಿಧಿಗಳಿರುವ ಕರಾವಳಿಯ ಬಂದರುಗಳಿಗೇ ಇಳಿಸಬೇಕು. ಬದಲಿಗೆ ತಾಮ್ರ, ತವರ, ಚೀನಾ ರೇಷ್ಮೆ ಅಲ್ಲೇ ಸಿಗುತ್ತವೆ.

ಇದು ಒಂದು ರಾಜ್ಯವನ್ನು ಪೇಟೆಯಿಂದಲೇ ಹೊರಗಟ್ಟುವ ಕರಾರು. ದಖ್ಖನ್ನಿನ ಸೈನ್ಯಗಳ ಬಲ ಅಶ್ವಪಡೆಯಲ್ಲಿತ್ತು. ಒಳ್ಳೆಯ ಕುದುರೆ ಬರುತ್ತಿದ್ದುದು ಕಡಲಾಚೆಯಿಂದ. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಕಸಿದುಕೊಂಡದ್ದು ವಿಜಾಪುರದಿಂದಲೇ. 1515ರಲ್ಲಿ ಹೊರ್ಮುಜ್ ಅವರ ಹಿಡಿತಕ್ಕೆ ಬಂದಾಗ, ಕುದುರೆ ಹಡಗು ಏರುವ ಬಂದರೂ ಇಳಿಯುವ ಬಂದರೂ ಅವರದೇ ಆದವು. ಉಳಿದ ಹಡಗುಗಳು ಅವರ ರಹದಾರಿ 'ಕರ್ತಾಜ್' ಇಲ್ಲದೆ ಸಾಗಿದರೆ ಜಪ್ತಿ. ದಾಭೋಳದಿಂದ ಹೊರಡುವ ಆದಿಲ್‌ಶಾಹಿ ಹಡಗಿಗೂ ಆ ಚೀಟಿ ಬೇಕಿತ್ತು. ಸರಕಷ್ಟೇ ಅಲ್ಲ, ಸುರಕ್ಷಿತ ಪ್ರಯಾಣವೂ ಮಾರಾಟದ ವಸ್ತುವಾಗಿತ್ತು.

ಹಾಗಾದರೆ ವಿಜಾಪುರಕ್ಕೆ ಕುದುರೆ ನಿಂತಿತೆ? ಮುಂದಿನ ಕಾಗದ ನೋಡಿ. ಕಾಸ್ತ್ರೊ 1548ರ ಜೂನ್‌ನಲ್ಲಿ ತೀರಿಕೊಂಡ. ಅದೇ ವರ್ಷ ಅವನ ಉತ್ತರಾಧಿಕಾರಿ ಗಾರ್ಸಿಯಾ ದ ಸಾ ವಿಜಾಪುರದ ಒಂದನೇ ಇಬ್ರಾಹಿಂ ಆದಿಲ್‌ಶಾಹನೊಂದಿಗೆ ಶಾಂತಿ ಒಪ್ಪಂದಕ್ಕೆ ಬಂದ. ವಿಜಯನಗರದ ಜೊತೆಗಿನ ಕರಾರಿನ ಶಾಯಿ ಒಣಗಿ ಒಂದು ವರ್ಷವಾಗಿರಲಿಲ್ಲ. ಕಾರಣ ಸುಂಕದಕಟ್ಟೆಯ ಲೆಕ್ಕದಲ್ಲಿದೆ. ಹಣಕಾಸಿನ ಅಧಿಕಾರಿ ಸಿಮಾಂವ್ ಬೊತೆಲ್ಯೊ 1554ರಲ್ಲಿ ಸಿದ್ಧಪಡಿಸಿದ ಆದಾಯದ ದಫ್ತರದಲ್ಲಿ ಕುದುರೆ ಸುಂಕ ಗೋವೆಯ ದೊಡ್ಡ ಗಳಿಕೆಗಳಲ್ಲೊಂದು. ಆ ಶತಮಾನದಲ್ಲಿ ಒಂದು ಕುದುರೆಗೆ ಸುಮಾರು 40 ಪರ್ದಾವ್ ನಾಣ್ಯ ಸುಂಕವಿತ್ತು. ಇಬ್ಬರು ಕೊಳ್ಳುವವರಿದ್ದರೆ ಬೆಲೆ ಏರುತ್ತದೆ. ಒಬ್ಬನನ್ನು ಶಾಶ್ವತವಾಗಿ ಹೊರಗಿಟ್ಟರೆ ಮಾರುವವನಿಗೇ ನಷ್ಟ. ಅದೂ ಅಲ್ಲದೆ ಅಕ್ಕಿ, ದನ, ಬಟ್ಟೆಗಾಗಿ ಗೋವೆ ನೆರೆಯ ನೆಲವನ್ನೇ ನೆಚ್ಚಿತ್ತು. ಘಟ್ಟದ ದಾರಿಗಳನ್ನು ಮುಚ್ಚುವ ಶಕ್ತಿ ಆದಿಲ್‌ಶಾಹನ ಕೈಯಲ್ಲಿತ್ತು.

ಗಿರಾಕಿ ಹೋದರೆ ಗೋವೆಗೇ ನಷ್ಟ ಎಂಬ ಮಾತಿಗೆ ಗಟ್ಟಿ ಸಾಕ್ಷಿ ಕೊಟೊನ ಚರಿತ್ರೆಯಲ್ಲಿ ಸಿಕ್ಕಿತು. 1565ರಲ್ಲಿ ರಕ್ಕಸಗಿ-ತಂಗಡಗಿಯ ಯುದ್ಧದಲ್ಲಿ ವಿಜಯನಗರ ಸೋತಾಗ ಗೋವೆಯಲ್ಲಿ ಹಬ್ಬವಾಗಲಿಲ್ಲ. ಕುದುರೆ, ಮಖಮಲ್ಲು, ಸ್ಯಾಟಿನ್‌ಗಳ ದೊಡ್ಡ ಗಿರಾಕಿ ಹೋಯಿತು, ಗೋವೆಯ ಸುಂಕದಕಟ್ಟೆ ಬಡವಾಯಿತು ಎಂದು ಅವನು ದಾಖಲಿಸುತ್ತಾನೆ. 1570ರಲ್ಲಿ ಅಲಿ ಆದಿಲ್‌ಶಾಹ ಗೋವೆಗೆ ಮುತ್ತಿಗೆ ಹಾಕಿದ. ತಿಂಗಳುಗಟ್ಟಲೆ ಕಾದಾಡಿ, 1571ರಲ್ಲಿ ಮತ್ತೆ ಒಪ್ಪಂದ. ಯುದ್ಧ ಮುಗಿದ ಮೇಲೆ ಕೂತು ಮಾತಾಡಿದ್ದು ಹಡಗು, ಸುಂಕ, ರಹದಾರಿಯ ವಿಚಾರವನ್ನೇ.

ಕರಾರುಗಳಿಂದ ದಾರಿಗೆ ಇಳಿದರೆ ಜನ ಕಾಣುತ್ತಾರೆ. ಫ್ಲಾಂಡರ್ಸ್‌ನ ವಜ್ರವ್ಯಾಪಾರಿ ಜಾಕ್ ದ ಕೌತ್ರೆ 1604ರಲ್ಲಿ ಗೋವೆಯಿಂದ ವಿಜಾಪುರಕ್ಕೆ ಬಂದ. ಹಾರ್ಲೆಮ್‌ನ ಚಿತ್ರಕಾರ ಕೊರ್ನೆಲಿಸ್ ಹೇಡಾ 1610ರ ದಶಕದಲ್ಲಿ ಎರಡನೇ ಇಬ್ರಾಹಿಮನ ಆಸ್ಥಾನದಲ್ಲಿ ಕುಂಚ ಹಿಡಿದು ಬದುಕಿದ. 1639ರ ಹೊತ್ತಿಗೆ ಜರ್ಮನ್ ಪ್ರವಾಸಿ ಮಾಂಡೆಲ್ಸ್ಲೊ ಗೋವೆ ಮತ್ತು ವಿಜಾಪುರದ ನಡುವಿನ ದೊಡ್ಡ ಪೇಟೆಯೆಂದು ಹೆಸರಿಸಿದ್ದು ಅಥಣಿಯನ್ನು. ವಿಜಯಪುರದಿಂದ ಅಥಣಿಗೆ ಹೋಗುವ ರಸ್ತೆ ಇಂದೂ ಟಿಕೋಟಾ ಹಾಯ್ದೇ ಹೋಗುತ್ತದೆ.

ಅಷ್ಟರಲ್ಲಿ ವಿಜಾಪುರ ಬೇರೆ ಬಾಗಿಲನ್ನೂ ತೆರೆದಿತ್ತು. 1622ರಲ್ಲಿ ಹೊರ್ಮುಜ್ ಪೋರ್ಚುಗೀಸರ ಕೈಬಿಟ್ಟಿತು. 1637ರಲ್ಲಿ ಯೊಹಾನ್ ಫಾನ್ ಟ್ವಿಸ್ಟ್ ಡಚ್ಚರ ರಾಯಭಾರಿಯಾಗಿ ವಿಜಾಪುರಕ್ಕೆ ಬಂದ. ವೆಂಗುರ್ಲೆಯಲ್ಲಿ ಡಚ್ ಕೋಠಿಗೆ ಅನುಮತಿ ಸಿಕ್ಕಿತು, ಅದೂ ಗೋವೆಯ ಮಗ್ಗುಲಲ್ಲೇ. ಒಂದೇ ಬಾಗಿಲನ್ನು ನೆಚ್ಚಿದರೆ ಏನಾಗುತ್ತದೆಂಬುದನ್ನು ಆದಿಲ್‌ಶಾಹಿ ದರಬಾರು ಅರಿತಿತ್ತು.

ಈ ಕಾಗದಗಳನ್ನೆಲ್ಲ ಒಟ್ಟಿಗಿಟ್ಟು ಓದಿದಾಗ ನನಗೆ ಮನವರಿಕೆಯಾದದ್ದು ಇಷ್ಟು: ನೆರೆಯವರ ನಡುವಿನ ವ್ಯಾಪಾರವನ್ನು ಕರಾರಿನಿಂದ ಬಗ್ಗಿಸಬಹುದು, ಬಹುಕಾಲ ಕಡಿಯಲಾಗದು. ನಿಷೇಧ ಬರೆದ ಕೈಯೇ ಸುಂಕದ ಲೆಕ್ಕವನ್ನೂ ಬರೆಯುತ್ತಿತ್ತು. ಕೊನೆಗೆ ಗೆದ್ದದ್ದು ಲೆಕ್ಕ. ವಿಜಾಪುರದ ಚರಿತ್ರೆಯನ್ನು ಗುಮ್ಮಟ, ಯುದ್ಧಗಳಿಂದಷ್ಟೇ ಕಟ್ಟಿದರೆ ಈ ಅರ್ಧ ಕಾಣುವುದೇ ಇಲ್ಲ. ಆದ್ದರಿಂದ ಪಣಜಿಯ 'ನೆರೆಯ ಅರಸರು' ಕಡತಗಳಲ್ಲಿ ಆದಿಲ್‌ಶಾಹಿಗೆ ಸಂಬಂಧಿಸಿದವು ಕನ್ನಡಕ್ಕೆ ಬರಬೇಕು. ಪೋರ್ಚುಗೀಸ್ ಕಲಿತ ಒಬ್ಬರು, ಪಾರಸಿ ಬಲ್ಲ ಒಬ್ಬರು, ಈ ಸೀಮೆಯ ಊರು-ದಾರಿ ತಿಳಿದ ಒಬ್ಬರು ಜೊತೆಗೆ ಕೂತರೆ ಆಗುವ ಕೆಲಸವಿದು. ವಿಜಯಪುರದ ವಿದ್ಯಾರ್ಥಿಗಳಿಗೆ ಇದಕ್ಕಿಂತ ದೊಡ್ಡ ಆಸ್ತಿಯನ್ನು ನಮ್ಮ ಸಂಶೋಧನಾ ಸಂಸ್ಥೆಗಳು ಕೊಡಲಾರವು.